ಆಕಾಶದ ಕೆಂಪು ಸುಳ್ಳೇ?

ಮಹಾವ್ಯಾಧ ನಕ್ಷತ್ರಪುಂಜದಲ್ಲಿರುವ ನೀಹಾರಿಕೆಯ ಛಾಯಾಚಿತ್ರಗಳಲ್ಲಿನ ಗಾಢ ಕೆಂಪನ್ನು ನೋಡಿ, ‘ಇದು ಬಣ್ಣ ಬಳಿದ ಚಿತ್ರ’ ಎಂದು ತಳ್ಳಿಹಾಕುವವರುಂಟು. ಕ್ಯಾಮೆರಾವನ್ನೇ ಬಿಚ್ಚಿ ಮಾರ್ಪಡಿಸಿ ತೆಗೆದ ಚಿತ್ರವೆಂದು ತಿಳಿದರೆ ಅವರ ಸಂದೇಹ ಇಮ್ಮಡಿಸುತ್ತದೆ. ಆದರೆ ಆ ಮಾರ್ಪಾಟಿನ ಸ್ವರೂಪವನ್ನು ಅರಿತವರಿಗೆ ಈ ಆಕ್ಷೇಪ ನಿಲ್ಲುವಂಥದಲ್ಲವೆಂದು ತೋರದಿರದು.

ಡಿಜಿಟಲ್ ಕ್ಯಾಮೆರಾದ ಸಿಲಿಕಾನ್ ಸಂವೇದಕವು ಮನುಷ್ಯನ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನೂ ಗ್ರಹಿಸಬಲ್ಲದು. ಹಾಗೆಯೇ ಬಿಟ್ಟರೆ ಮುಖದ ಬಣ್ಣ, ಎಲೆಯ ಹಸಿರು ಎಲ್ಲವೂ ಕೆಡುತ್ತವೆ. ಆದಕಾರಣ ತಯಾರಕರು ಸಂವೇದಕದ ಮುಂದೆ ತೆಳುವಾದ ಗಾಜಿನ ಶೋಧಕವೊಂದನ್ನು ಕೂರಿಸುತ್ತಾರೆ. ಹಗಲಿನ ಚಿತ್ರಕ್ಕೆ ಇದು ಉಪಕಾರಿ. ಆದರೆ ಅವಗೆಂಪಿನೊಡನೆ ಕಣ್ಣಿಗೆ ಕಾಣುವ ಕೆಂಪಿನ ಒಂದು ಪಾಲನ್ನೂ ಅದು ತಡೆಯುತ್ತದೆ. ನೀಹಾರಿಕೆಯ ಜಲಜನಕ ಸೂಸುವ, 656.3 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ಆ ಪಾಲಿಗೆ ಸೇರಿದ್ದು. ಸುಮಾರು 1,300 ವರ್ಷ ಪಯಣಿಸಿ ಬಂದ ಬೆಳಕಿನ ಬಹುಭಾಗ ಹೀಗೆ ಸಂವೇದಕದ ಹೊಸ್ತಿಲಲ್ಲಿಯೇ ನಷ್ಟವಾಗುತ್ತದೆ.

ಖಗೋಳ ಛಾಯಾಗ್ರಾಹಕರು ಈ ಶೋಧಕವನ್ನು ತೆಗೆದು, ಜಲಜನಕದ ಕೆಂಪನ್ನು ಒಳಬಿಟ್ಟು ಅವಗೆಂಪನ್ನು ಮಾತ್ರ ತಡೆಯುವ ಬೇರೊಂದು ಗಾಜನ್ನು ಕೂರಿಸುತ್ತಾರೆ. ಇದು ಹವ್ಯಾಸಿಗಳ ಹುಚ್ಚಾಟವೆನ್ನುವಂತಿಲ್ಲ. ಇದೇ ಉದ್ದೇಶಕ್ಕಾಗಿ ಕ್ಯಾನನ್ ಸಂಸ್ಥೆ 2005ರಲ್ಲಿ 20ಡಿಎ ಕ್ಯಾಮೆರಾವನ್ನೂ, ನಿಕಾನ್ ಸಂಸ್ಥೆ 2015ರಲ್ಲಿ ಡಿ810ಎ ಕ್ಯಾಮೆರಾವನ್ನೂ ಹೊರತಂದವು. ಮಾರ್ಪಾಟಿಗೆ ತೆರಬೇಕಾದ ಬೆಲೆಯೂ ಇದೆ. ಹಗಲಿನ ಚಿತ್ರಗಳು ಕೆಂಪೇರುತ್ತವೆ. ತಯಾರಕರ ವಾರಂಟಿ ಉಳಿಯುವುದಿಲ್ಲ. ಫ್ಲಾಶ್‌ಗೆಂದು ವಿದ್ಯುತ್ತನ್ನು ಹಿಡಿದಿಟ್ಟ ಕೆಪಾಸಿಟರ್ ಅನುಭವವಿಲ್ಲದ ಕೈಗೆ ಅಪಾಯಕಾರಿ ಆಘಾತ ನೀಡಬಲ್ಲದು.

‘ಕಣ್ಣಿಗೆ ಕಾಣದ ಕೆಂಪನ್ನು ನಿಜವೆನ್ನುವುದು ಹೇಗೆ?’ ಎಂಬ ಪ್ರಶ್ನೆ ಸಹಜ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದು. ಸಣ್ಣ ದೂರದರ್ಶಕದಲ್ಲಿ ಈ ನೀಹಾರಿಕೆ ಬೂದುಬಣ್ಣದ ಮಬ್ಬಿನಂತೆ ಕಾಣುವುದು ಅದರಿಂದಲೇ. ಕಣ್ಣಿನ ಮಿತಿಯನ್ನು ಆಕಾಶದ ಮೇಲೆ ಹೊರಿಸುವುದು ನ್ಯಾಯವಲ್ಲ.

ಹಾಗೆಂದು ಎಲ್ಲ ಚಿತ್ರಗಳೂ ನಂಬಿಕೆಗೆ ಅರ್ಹವೆಂದಲ್ಲ. ತಡೆಯೊಂದನ್ನು ತೆಗೆಯುವುದು ಬೇರೆ, ಇಲ್ಲದ ಬಣ್ಣವನ್ನು ಕಂಪ್ಯೂಟರಿನಲ್ಲಿ ತುಂಬುವುದು ಬೇರೆ. ಇವೆರಡರ ಅಂತರ ಓದುಗನಿಗೆ ತಿಳಿಯಬೇಕಾದರೆ ಯಾವ ಕ್ಯಾಮೆರಾ, ಯಾವ ಶೋಧಕ, ಎಷ್ಟು ಹೊತ್ತು ಬೆಳಕು ಸಂಗ್ರಹಿಸಿದ್ದು, ಬಳಿಕ ಏನೇನು ಸಂಸ್ಕರಿಸಿದ್ದು ಎಂಬ ವಿವರ ಚಿತ್ರದ ಕೆಳಗೆ ಇರಲೇಬೇಕು.

ಗ್ರಂಥಸಂಪಾದನೆಯನ್ನು ಓದಿದ ಕನ್ನಡ ವಿದ್ಯಾರ್ಥಿಗೆ ಈ ಶಿಸ್ತು ಹೊಸದಲ್ಲ. ಓಲೆಯ ಪ್ರತಿಯಲ್ಲಿನ ಲಿಪಿಕಾರನ ದೋಷವನ್ನು ಸಂಪಾದಕನು ತಿದ್ದುತ್ತಾನೆ, ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ನಮೂದಿಸುತ್ತಾನೆ. ತಿದ್ದಿದ್ದಕ್ಕಾಗಿ ಅವನನ್ನು ಯಾರೂ ದೂರುವುದಿಲ್ಲ. ತಿದ್ದಿದ್ದನ್ನು ಮುಚ್ಚಿಟ್ಟರೆ ಮಾತ್ರ ದೂರುತ್ತಾರೆ. ಆಕಾಶದ ಚಿತ್ರಕ್ಕೂ ಅದೇ ಅಳತೆಗೋಲು ಸಲ್ಲಬೇಕು.