ಹೊಟ್ಟೆ ತುಂಬಿಸದ ಆಟ

ಬೀಚ್ ಹ್ಯಾಂಡ್‌ಬಾಲ್ ಆಡುವ ಹದಿನೆಂಟು ವರ್ಷದ ಡಚ್ ಹುಡುಗಿಯೊಬ್ಬಳ ವಿಷಯ ಎತ್ತಿದರೆ ಕೇಳಿದವರ ಬಾಯಲ್ಲಿ ಮೊದಲು ಬರುವ ಮಾತು ಇದು: ಅದರಿಂದ ಹೊಟ್ಟೆ ತುಂಬುತ್ತದೆಯೆ? ಹಸಿವು ಕಂಡ ಮನೆಗಳಲ್ಲಿ ಹುಟ್ಟಿದ ಪ್ರಶ್ನೆ ಅದು, ನಾನು ಅದನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಉತ್ತರವನ್ನೂ ಮುಚ್ಚಿಡಬೇಕಾಗಿಲ್ಲ. ತುಂಬುವುದಿಲ್ಲ. ಈ ಆಟ ಒಂದನ್ನೇ ನಂಬಿ ನೆದರ್‌ಲ್ಯಾಂಡ್ಸ್‌ನಲ್ಲಿ ಸಂಸಾರ ಹೂಡುವುದು ಆಗದ ಮಾತು. ಹಾಗಿದ್ದೂ ಅಲ್ಲಿನ ಹುಡುಗಿಯರು ಬೇಸಿಗೆಯ ವಾರಾಂತ್ಯಗಳನ್ನೆಲ್ಲ ಮರಳಿಗೆ ಕೊಡುತ್ತಾರೆ, ಮಂಡಿ ನೋಯಿಸಿಕೊಳ್ಳುತ್ತಾರೆ, ಪರೀಕ್ಷೆಯ ಪುಸ್ತಕಗಳನ್ನು ಚೀಲಕ್ಕೆ ತುರುಕಿಕೊಂಡು ಬೇರೆ ದೇಶದ ಪಂದ್ಯಾವಳಿಗೆ ಬಸ್ಸು ಹತ್ತುತ್ತಾರೆ. ಇದಕ್ಕೆ ಏನೆಂದು ಹೆಸರಿಡೋಣ? ವೃತ್ತಿಯೆ, ಹವ್ಯಾಸವೆ, ಕಾಲಹರಣವೆ?

ಕನ್ನಡದಲ್ಲಿ ‘ಹವ್ಯಾಸಿ’ ಎಂಬ ಪದಕ್ಕೆ ಒಂದು ಮರ್ಯಾದೆ ಇದೆ. ಹವ್ಯಾಸಿ ರಂಗಭೂಮಿ ಎಂದಾಗ ನಾವು ಅರೆಬೆಂದ ನಾಟಕ ಎಂದುಕೊಳ್ಳುವುದಿಲ್ಲ. ಹಗಲು ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ ದುಡಿದು, ಸಂಜೆ ತಾಲೀಮಿಗೆ ಓಡಿಬರುತ್ತಿದ್ದವರು ಈ ಭಾಷೆಗೆ ಎಂಥ ನಾಟಕಗಳನ್ನು ಕೊಟ್ಟರೆಂಬುದು ಎಲ್ಲರಿಗೂ ಗೊತ್ತು. ತಾಳಮದ್ದಳೆಯಲ್ಲಿ ಅರ್ಥ ಹೇಳುವವರಲ್ಲಿ ಶಾಲೆಯ ಮೇಷ್ಟ್ರುಗಳು ಎಷ್ಟು ಜನ! ಅವರ ಪರಿಣತಿಯನ್ನು ಸಂಬಳದ ಚೀಟಿ ನೋಡಿ ಯಾರೂ ಅಳೆದವರಲ್ಲ. ಕಲೆಗೆ ಒಪ್ಪುವ ಈ ನ್ಯಾಯ ಆಟಕ್ಕೆ ಏಕೆ ಒಪ್ಪಬಾರದು ಎಂಬುದು ನನ್ನ ಕೇಳಿಕೆ.

ಒಪ್ಪಬೇಕಾದರೆ ಮೊದಲು ಆಟದೊಳಗೆ ಪರಿಣತಿ ಎಂಬುದು ಇರಬೇಕು. ಬೀಚ್ ಹ್ಯಾಂಡ್‌ಬಾಲ್ ಎಂದರೆ ರಜೆಗೆ ಬಂದವರು ಕಡಲತೀರದಲ್ಲಿ ಚೆಂಡು ಎಸೆದಾಡುವುದು ಎಂದು ತಿಳಿದವರು ಹತ್ತು ನಿಮಿಷ ಅದನ್ನು ನೋಡಬೇಕು. ಅಂಕಣ 27 ಮೀಟರ್ ಉದ್ದ, 12 ಮೀಟರ್ ಅಗಲ. ಒಂದೊಂದು ತಂಡದಲ್ಲಿ ಒಮ್ಮೆಗೆ ಗೋಲು ಕಾಯುವ ಗೋಲಿಯೂ ಸೇರಿ ನಾಲ್ವರು, ಎಲ್ಲರೂ ಬರಿಗಾಲು. ಒಳಾಂಗಣದ ಹ್ಯಾಂಡ್‌ಬಾಲ್‌ನಲ್ಲಿ ಚೆಂಡನ್ನು ನೆಲಕ್ಕೆ ಕುಟ್ಟುತ್ತ ಓಡಬಹುದು. ಮರಳಿನಲ್ಲಿ ಕುಟ್ಟಿದ ಚೆಂಡು ಅಲ್ಲೇ ಸಾಯುತ್ತದೆ. ಹಾಗಾಗಿ ಆಟವೆಲ್ಲ ಕೈಯಿಂದ ಕೈಗೆ, ಗಾಳಿಯಲ್ಲಿ. ಮರಳಿನ ಮೇಲೆ ಓಡುವುದಕ್ಕೆ ಗಟ್ಟಿ ನೆಲದ ಮೇಲಿನ ಓಟಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕೆಂದು ಬೆಲ್ಜಿಯಂನ ಸಂಶೋಧಕರು 1998ರಲ್ಲಿ ಅಳೆದು ತೋರಿಸಿದ್ದಾರೆ. ಊರಿದ ಕಾಲು ಜಾರುತ್ತದೆ, ಒತ್ತಿದ ಬಲದಲ್ಲಿ ಒಂದು ಪಾಲನ್ನು ಮರಳು ನುಂಗಿಬಿಡುತ್ತದೆ. ಅಂಥ ನೆಲದಿಂದ ಮೇಲಕ್ಕೆ ಹಾರಿ, ಗಾಳಿಯಲ್ಲೇ ಮೈಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಕಾಲು ನೆಲಕ್ಕೆ ತಾಗುವ ಮುನ್ನ ಚೆಂಡೆಸೆದು ಗೋಲು ಹೊಡೆದರೆ ಎರಡು ಅಂಕ. ಸುಮ್ಮನೆ ಎಸೆದು ಹೊಡೆದರೆ ಒಂದೇ. ಗೆಳತಿ ತೇಲಿಸಿಕೊಟ್ಟ ಚೆಂಡನ್ನು ಹಾರುತ್ತಲೇ ಹಿಡಿದು ಹಾರುತ್ತಲೇ ಎಸೆದರೂ ಎರಡು. ಗೋಲಿ ಹೊಡೆದರೂ ಎರಡು.

ಈ ನಿಯಮದ ಬಗ್ಗೆ ತಕರಾರು ಇದ್ದೇ ಇದೆ. ನೋಡುವವರ ಕಣ್ಣಿಗೆ ಹಬ್ಬವಾಗಲಿ ಎಂದು ಅಂಕ ಹೆಚ್ಚಿಸಿದರೆ ಅದು ಕ್ರೀಡೆಯಾಗಿ ಉಳಿಯುವುದೆ, ಸರ್ಕಸ್ ಆಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಜಿಮ್ನಾಸ್ಟಿಕ್ಸ್‌ನಲ್ಲಿ ಕಷ್ಟದ ಪಟ್ಟುಗಳಿಗೆ ಹೆಚ್ಚು ಅಂಕ ಕೊಡುವುದು ನ್ಯಾಯವಾದರೆ ಇಲ್ಲಿಯೂ ನ್ಯಾಯ. ಮೇಲಾಗಿ ಎರಡು ಅಂಕದ ಆಸೆ ಹೊಸದೊಂದು ಲೆಕ್ಕಾಚಾರ ಹುಟ್ಟಿಸುತ್ತದೆ. ಎದುರಾಳಿ ತಡೆಗಾರ್ತಿ ಹಾರುವವಳ ಸೊಂಟ ಯಾವ ಕಡೆ ತಿರುಗುತ್ತದೆಂದು ಊಹಿಸಬೇಕು. ದಾಳಿ ಮಾಡುವ ತಂಡ ತನ್ನ ಗೋಲಿಯನ್ನು ಹೊರಗೆ ಕಳಿಸಿ, ಬೇರೆ ಬಣ್ಣದ ಅಂಗಿ ತೊಟ್ಟ ವಿಶೇಷ ಆಟಗಾರ್ತಿಯನ್ನು ಒಳಗೆ ತರುತ್ತದೆ. ಆಗ ಮೂವರು ತಡೆಗಾರ್ತಿಯರ ಎದುರು ನಾಲ್ವರ ದಾಳಿ. ಆ ವಿಶೇಷ ಆಟಗಾರ್ತಿ ಗೋಲು ಹೊಡೆದರೂ ಎರಡು ಅಂಕ. ಚೆಂಡು ಕೈತಪ್ಪಿದ ಕ್ಷಣ ಅವಳು ಹೊರಗೆ ಓಡಬೇಕು, ಗೋಲಿ ಒಳಗೆ ಓಡಬೇಕು. ಒಂದು ಉಸಿರು ತಡವಾದರೆ ಖಾಲಿ ಗೋಲಿನೊಳಗೆ ಚೆಂಡು. ಹತ್ತು ನಿಮಿಷದ ಎರಡು ಅವಧಿಗಳು, ಎರಡಕ್ಕೂ ಬೇರೆಬೇರೆ ಗೆಲುವು. ಮೊದಲ ಅವಧಿಯಲ್ಲಿ ಹತ್ತು ಅಂಕದಿಂದ ಸೋತವರೂ ಎರಡನೆಯದನ್ನು ಒಂದೇ ಅಂಕದಿಂದ ಗೆದ್ದರೆ ಸಮಸಮ. ಅಲ್ಲಿಂದ ಮುಂದೆ ಐದೈದು ಜನ ಒಬ್ಬೊಬ್ಬರಾಗಿ ಗೋಲಿಯ ಎದುರು ನಿಲ್ಲುವ ತೀರ್ಮಾನದ ಎಸೆತ. ಹಿಂದಿನ ಸೋಲನ್ನು ಮನಸ್ಸಿನಿಂದ ಅಳಿಸಿ ಹೊಸದಾಗಿ ನಿಲ್ಲುವ ಈ ಅಭ್ಯಾಸವನ್ನು ಹದಿನೆಂಟರಲ್ಲೇ ಕಲಿತವಳ ಬಳಿ ಒಂದು ವಿದ್ಯೆ ಇದೆ ಎಂದೇ ನಾನು ಹೇಳುವುದು.

ವಿದ್ಯೆ ಇದ್ದರೂ ಅದಕ್ಕೆ ಪರಂಪರೆ ಚಿಕ್ಕದು. 1990ರ ದಶಕದ ಆರಂಭದಲ್ಲಿ ಇಟಲಿಯ ಕಡಲತೀರಗಳಲ್ಲಿ ಹುಟ್ಟಿದ ಆಟ ಇದು. ಮೊದಲ ಯುರೋಪಿಯನ್ ಚಾಂಪಿಯನ್‌ಷಿಪ್ 2000ದಲ್ಲಿ ಇಟಲಿಯ ಗಾಯೆತಾದಲ್ಲಿ, ಮೊದಲ ವಿಶ್ವ ಚಾಂಪಿಯನ್‌ಷಿಪ್ 2004ರಲ್ಲಿ ಈಜಿಪ್ಟ್‌ನಲ್ಲಿ ನಡೆಯಿತು. 2018ರಲ್ಲಿ ಬ್ಯೂನಸ್ ಐರಿಸ್‌ನ ಯುವ ಒಲಿಂಪಿಕ್ಸ್‌ನಲ್ಲಿ ಒಳಾಂಗಣ ಹ್ಯಾಂಡ್‌ಬಾಲ್‌ನ ಜಾಗಕ್ಕೆ ಇದನ್ನೇ ತಂದರು. ಆತಿಥೇಯ ಅರ್ಜೆಂಟೀನಾದ ಹುಡುಗಿಯರು ಚಿನ್ನ ಗೆದ್ದ ಆ ಕೂಟದಲ್ಲಿ ಡಚ್ ಹುಡುಗಿಯರೂ ಆಡಿದರು. 2022ರಲ್ಲಿ ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನೆದರ್‌ಲ್ಯಾಂಡ್ಸ್ ಮಹಿಳೆಯರು ಜರ್ಮನಿ, ಸ್ಪೇನ್ ಬಿಟ್ಟರೆ ಮೂರನೆಯವರಾಗಿ ಕಂಚು ತಂದರು. ವಿಶ್ವದಲ್ಲಿ ಮೂರನೆಯ ಸ್ಥಾನ. ಇದನ್ನು ಇನ್ನೊಮ್ಮೆ ಓದಿ, ಆಮೇಲೆ ಕಾಲಹರಣ ಎಂಬ ಪದವನ್ನು ಬಳಸಲು ಮನಸ್ಸು ಬರುವುದೆ ನೋಡಿ.

ಆದರೂ ಹಣ ಏಕಿಲ್ಲ? ಕಾರಣ ಆಟದೊಳಗಿಲ್ಲ, ಒಂದು ಪಟ್ಟಿಯಲ್ಲಿದೆ. ಅದೇ ದೇಶದ ಅದೇ ಮರಳಿನ ಮೇಲೆ ಬೀಚ್ ವಾಲಿಬಾಲ್ ಆಡುವವರ ಕಥೆ ಬೇರೆ. ಆ ಆಟ 1996ರ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಸೇರಿತು. ಅಲೆಕ್ಸಾಂಡರ್ ಬ್ರೌವರ್ ಮತ್ತು ರಾಬರ್ಟ್ ಮೇವ್ಸನ್ ಜೋಡಿ 2013ರಲ್ಲಿ ವಿಶ್ವ ಚಾಂಪಿಯನ್ ಆಯಿತು, 2016ರಲ್ಲಿ ರಿಯೋದಲ್ಲಿ ಕಂಚು ಗೆದ್ದಿತು. ಅವರಿಗೆ ಆಟವೇ ಉದ್ಯೋಗವಾಗಿತ್ತು. ಒಲಿಂಪಿಕ್ ಪಟ್ಟಿಯಲ್ಲಿ ಹೆಸರಿದ್ದರೆ ತರಬೇತುದಾರರು, ವೈದ್ಯರು, ಪ್ರಾಯೋಜಕರು ಹುಡುಕಿಕೊಂಡು ಬರುತ್ತಾರೆ. ಹೆಸರಿಲ್ಲದಿದ್ದರೆ ಅದೇ ಬೆವರಿಗೆ ಬೇರೆ ಬೆಲೆ. ಒಳಾಂಗಣ ಹ್ಯಾಂಡ್‌ಬಾಲ್‌ನ ಕಥೆಯೂ ಪಟ್ಟಿಯಲ್ಲಿ ಹೆಸರಿರುವವರ ಕಥೆಯೇ. 2019ರಲ್ಲಿ ಜಪಾನ್‌ನ ಕುಮಾಮೊಟೊದಲ್ಲಿ ಸ್ಪೇನ್ ವಿರುದ್ಧ 30–29ರಲ್ಲಿ ಗೆದ್ದು ಡಚ್ ಮಹಿಳೆಯರು ವಿಶ್ವ ಚಾಂಪಿಯನ್ ಆದಾಗ, ಕೊನೆಯ ಸೆಕೆಂಡುಗಳಲ್ಲಿ ಪೆನಾಲ್ಟಿ ಹೊಡೆದ ಲೋಯಿಸ್ ಅಬ್ಬಿಂಗ್ ಮನೆಮಾತಾದರು. ಆರ್ನೆಮ್ ಊರಿನ ಪಾಪೆಂಡಾಲ್ ಕ್ರೀಡಾಕೇಂದ್ರದ ಹ್ಯಾಂಡ್‌ಬಾಲ್ ಅಕಾಡೆಮಿಯಲ್ಲಿ ಹುಡುಗಿಯರನ್ನು ವರ್ಷಗಟ್ಟಲೆ ಬೆಳೆಸಿದ್ದರ ಫಲ ಆ ಗೆಲುವಿನ ಹಿಂದಿತ್ತು. ಮರಳಿನ ಆಟಕ್ಕೆ ಅಂಥ ಆಸರೆ ಇಲ್ಲ. ಬಹುಪಾಲು ಆಟಗಾರ್ತಿಯರು ಚಳಿಗಾಲವಿಡೀ ಕ್ಲಬ್ಬಿನ ಒಳಾಂಗಣ ತಂಡದಲ್ಲಿ ಆಡಿ, ಮೇ ತಿಂಗಳು ಬಂದಾಗ ಬೂಟು ಕಳಚುತ್ತಾರೆ.

ಹಾಗಾದರೆ ಒಲಿಂಪಿಕ್ಸ್ ಸೇರುವವರೆಗೆ ಈ ಆಟಕ್ಕೆ ಅರ್ಥವಿಲ್ಲವೆ? ಡಚ್ಚರ ನಾಡಿನಲ್ಲೇ ಇದಕ್ಕೆ ನೂರು ವರ್ಷ ಹಳೆಯ ಉತ್ತರವಿದೆ. 1902ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಶಾಲಾ ಶಿಕ್ಷಕ ನಿಕೊ ಬ್ರೂಕ್‌ಹೌಸನ್ ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ ಆಡಲೆಂದು ಕಾರ್ಫ್‌ಬಾಲ್ ಎಂಬ ಆಟವನ್ನು ರೂಪಿಸಿದರು. 1920ರ ಆಂಟ್‌ವರ್ಪ್ ಮತ್ತು 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗಳಲ್ಲಿ ಅದನ್ನು ಪ್ರದರ್ಶನಕ್ಕಾಗಿ ಆಡಿಸಿದರು, ಪದಕದ ಪಟ್ಟಿಗೆ ಎಂದೂ ಸೇರಿಸಲಿಲ್ಲ. 1978ರಿಂದ ನಡೆಯುತ್ತಿರುವ ಅದರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ 1991ರಲ್ಲಿ ಒಮ್ಮೆ ಬೆಲ್ಜಿಯಂ ಗೆದ್ದದ್ದು ಬಿಟ್ಟರೆ ಉಳಿದದ್ದೆಲ್ಲ ಡಚ್ಚರದೇ. ಕಾರ್ಫ್‌ಬಾಲ್ ಆಡಿ ಶ್ರೀಮಂತರಾದವರ ಕಥೆ ಇಲ್ಲ. ಆದರೂ ಅಜ್ಜಿ, ಮಗಳು, ಮೊಮ್ಮಗ ಒಂದೇ ಕ್ಲಬ್ಬಿನ ಸದಸ್ಯರಾಗಿರುವ ಊರುಗಳಿವೆ. ರಾಟರ್‌ಡ್ಯಾಮ್‌ನ ಆಹೊಯ್ ಸಭಾಂಗಣದಲ್ಲಿ ನಡೆಯುವ ರಾಷ್ಟ್ರೀಯ ಫೈನಲ್ ನೋಡಲು ಸಾವಿರಾರು ಜನ ಬರುತ್ತಾರೆ. ಆಡುವವರು ಕೈಬಿಡದ ಆಟ ಪಟ್ಟಿಯ ಹಂಗಿಲ್ಲದೆ ಬದುಕಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

ನನ್ನನ್ನು ಹೆಚ್ಚು ಕಾಡುವುದು ಬಡತನವಲ್ಲ, ಬಡತನ ನೀಗಿಸಿಕೊಳ್ಳಲು ಸಣ್ಣ ಆಟಗಳು ಹಿಡಿಯುವ ದಾರಿ. ಬೀಚ್ ಹ್ಯಾಂಡ್‌ಬಾಲ್‌ನಲ್ಲಿ ಅದು ಎಲ್ಲರ ಕಣ್ಣೆದುರೇ ಆಯಿತು. ಮಹಿಳೆಯರು ಬಿಕಿನಿಯನ್ನೇ ತೊಡಬೇಕು, ಅದರ ಪಕ್ಕದ ಅಗಲ ಹತ್ತು ಸೆಂಟಿಮೀಟರ್ ಮೀರಬಾರದು ಎಂದು ನಿಯಮಪುಸ್ತಕದಲ್ಲೇ ಬರೆದಿತ್ತು. ಗಂಡಸರಿಗೆ ಚಡ್ಡಿ. 2021ರ ಜುಲೈಯಲ್ಲಿ ಬಲ್ಗೇರಿಯಾದ ವಾರ್ನಾದಲ್ಲಿ ಸ್ಪೇನ್ ವಿರುದ್ಧ ಕಂಚಿಗಾಗಿ ಆಡಿದ ನಾರ್ವೆಯ ಮಹಿಳೆಯರು ಬೇಕೆಂದೇ ಚಡ್ಡಿ ತೊಟ್ಟು ಇಳಿದರು. ಯುರೋಪಿಯನ್ ಹ್ಯಾಂಡ್‌ಬಾಲ್ ಒಕ್ಕೂಟ ತಂಡಕ್ಕೆ 1,500 ಯೂರೊ ದಂಡ ಹಾಕಿತು. ದಂಡ ತಾನು ಕಟ್ಟುತ್ತೇನೆಂದು ಅಮೆರಿಕದ ಗಾಯಕಿ ಪಿಂಕ್ ಮುಂದೆ ಬಂದರು, ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅದೇ ವರ್ಷ ಅಂತರರಾಷ್ಟ್ರೀಯ ಒಕ್ಕೂಟ ನಿಯಮ ತಿದ್ದಿತು, 2022ರ ಮೊದಲ ದಿನದಿಂದ ಮೈಗೆ ಅಂಟುವ ಗಿಡ್ಡ ಚಡ್ಡಿ ಬಂತು. ಡಚ್ ತಂಡ ಕ್ರೀಟ್‌ನಲ್ಲಿ ಕಂಚು ಗೆದ್ದದ್ದು ಈ ಹೊಸ ನಿಯಮದ ಮೊದಲ ಬೇಸಿಗೆಯಲ್ಲಿ.

ಈ ಬದಲಾವಣೆಯೂ ಅರ್ಧದ್ದೇ. ಗಂಡಸರ ಉಡುಪು ಅತಿ ದೊಗಳೆಯಾಗಬಾರದು ಎಂದಷ್ಟೇ ಹೇಳುವ ನಿಯಮ ಹೆಂಗಸರದು ಮೈಗೆ ಅಂಟಲೇಬೇಕು ಎನ್ನುವುದು ಏಕೆ? ಮರಳಿನಲ್ಲಿ ಬಿದ್ದು ಹೊರಳುವ ಆಟದಲ್ಲಿ ಬಟ್ಟೆಯನ್ನು ತೀರ್ಮಾನಿಸಬೇಕಾದವಳು ಬೀಳುವವಳು. ನೋಡುಗರ ಸಂಖ್ಯೆ ಹೆಚ್ಚಲಿ, ಟಿ.ವಿ.ಯವರು ಬರಲಿ ಎಂಬ ಹಪಾಹಪಿಯಲ್ಲಿ ಆಡುವವಳ ಮೈಯನ್ನು ಸರಕು ಮಾಡಿದ ಆಟ ತನ್ನ ವಿದ್ಯೆಯನ್ನೇ ನಂಬದ ಆಟ. ಗಾಳಿಯಲ್ಲಿ ಸುತ್ತಿ ಗೋಲು ಹೊಡೆಯುವವಳನ್ನು ನೋಡಲು ಜನ ಬರುತ್ತಾರೆಂಬ ನಂಬಿಕೆ ಅದನ್ನು ನಡೆಸುವವರಿಗೆ ಮೊದಲು ಬರಬೇಕು. ಸಂಬಳವಿಲ್ಲದ ಆಟಗಾರ್ತಿಯ ಬಳಿ ಇರುವ ಒಂದೇ ಬಲ ಎಂದರೆ ಬೇಡ ಎನ್ನುವ ಸ್ವಾತಂತ್ರ್ಯ. ನಾರ್ವೆಯವರು ಅದನ್ನು ಬಳಸಿದರು. ಹೊಟ್ಟೆಪಾಡು ಆ ಆಟದಲ್ಲೇ ಇದ್ದಿದ್ದರೆ ಅಷ್ಟು ಸುಲಭವಾಗಿ ಬಳಸುತ್ತಿದ್ದರೋ ಎಂದು ನನಗೆ ಅನುಮಾನ.

ಇಲ್ಲಿ ನನ್ನ ವಾದದ ವಿರುದ್ಧ ಒಂದು ಗಟ್ಟಿ ಮಾತಿದೆ. ಸಂಬಳವಿಲ್ಲದ ಪರಿಣತಿಯನ್ನು ಹೊಗಳುವುದು ಉಳ್ಳವರ ಮಾತು, ನೆದರ್‌ಲ್ಯಾಂಡ್ಸ್‌ನಂಥ ದೇಶದಲ್ಲಿ ಹುಟ್ಟಿದವರಿಗೆ ಮಾತ್ರ ಅದು ಸಾಧ್ಯ ಎಂದು ಯಾರಾದರೂ ಹೇಳಿದರೆ ನಾನು ಬಹಳಷ್ಟು ಒಪ್ಪುತ್ತೇನೆ. ಅಲ್ಲಿ ಕಾಯಿಲೆ ಬಿದ್ದರೆ ವಿಮೆ ಇದೆ. ಊರೂರಿಗೂ ಸ್ವಯಂಸೇವಕರು ನಡೆಸುವ ಕ್ಲಬ್ಬುಗಳಿವೆ. ಶನಿವಾರ ಬೆಳಿಗ್ಗೆ ಒಬ್ಬಳ ಅಪ್ಪ ಕಾರು ಓಡಿಸಿದರೆ ಇನ್ನೊಬ್ಬಳ ಅಮ್ಮ ಕ್ಯಾಂಟೀನಿನಲ್ಲಿ ಕಾಫಿ ಸುರಿಯುತ್ತಾರೆ, ಮಗದೊಬ್ಬಳ ಅಣ್ಣ ಸೀಟಿ ಹಿಡಿದು ರೆಫರಿ ಆಗುತ್ತಾನೆ. 1991ರಿಂದ ಆ ದೇಶದಲ್ಲಿ ಕ್ರೀಡೆಯಲ್ಲಿ ಮುಂದಿರುವ ಮಕ್ಕಳಿಗಾಗಿಯೇ ವೇಳಾಪಟ್ಟಿ ಸಡಿಲಿಸುವ, ತಪ್ಪಿದ ಪರೀಕ್ಷೆಯನ್ನು ಬೇರೆ ದಿನ ಬರೆಸುವ ಶಾಲೆಗಳ ಜಾಲ ಇದೆ. ಓದು ಮತ್ತು ಆಟ ಎರಡನ್ನೂ ಜೊತೆಗೆ ಸಾಗಿಸಲು ಸರ್ಕಾರಗಳು ಏನು ಮಾಡಬೇಕೆಂದು ಯುರೋಪಿಯನ್ ಯೂನಿಯನ್ 2012ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ಇಷ್ಟೆಲ್ಲ ಕೆಳಗಿನಿಂದ ಹಿಡಿದಿರುವುದರಿಂದಲೇ ಆ ಹುಡುಗಿ ಮೇಲಕ್ಕೆ ಹಾರಬಲ್ಲಳು.

ಆದರೆ ಈ ಒಪ್ಪಿಗೆಯಿಂದ ನನ್ನ ವಾದ ಕುಸಿಯುವುದಿಲ್ಲ, ಅದರ ಗುರಿ ನಿಚ್ಚಳವಾಗುತ್ತದೆ. ಎಲ್ಲ ಆಟಗಳನ್ನೂ ಸಂಬಳದ ಉದ್ಯೋಗ ಮಾಡಲು ಯಾವ ದೇಶದ ಬೊಕ್ಕಸಕ್ಕೂ ಆಗದು, ಆಗಬೇಕಾಗಿಯೂ ಇಲ್ಲ. ಪರೀಕ್ಷೆಯ ದಿನಾಂಕ ಬದಲಿಸಲು ಎಷ್ಟು ಖರ್ಚು? ಗಾಯವಾದ ಮಂಡಿಯನ್ನು ನುರಿತವರಿಗೆ ತೋರಿಸಲು, ದೇಶದ ಅಂಗಿ ತೊಟ್ಟು ಹೋಗುವವಳ ಬಸ್ಸಿನ ಚಾರ್ಜನ್ನು ಅವಳ ಅಪ್ಪನಿಂದ ವಸೂಲಿ ಮಾಡದಿರಲು ಎಷ್ಟು ಖರ್ಚು? ಕ್ರೀಡಾಂಗಣದ ಹೊಸ ಮಾಡಿಗೆ ಸುರಿಯುವ ಹಣದ ಮುಂದೆ ಅದು ಪುಡಿಗಾಸು. ಹದಿನೆಂಟರ ಹುಡುಗಿಗೆ ‘ಎಲ್ಲ ಬಿಟ್ಟು ಆಟಕ್ಕೆ ಬಾ’ ಎನ್ನುವ ಒಕ್ಕೂಟವೂ ‘ಆಟ ಬಿಟ್ಟು ಓದು’ ಎನ್ನುವ ಮನೆಯೂ ಅವಳಿಂದ ಕೇಳುವುದು ಒಂದೇ ಜೂಜನ್ನು. ಪೂರ್ತಿ ಈ ಕಡೆ, ಇಲ್ಲವೇ ಪೂರ್ತಿ ಆ ಕಡೆ. ಆ ಜೂಜು ಆಡಿಸದಿರುವುದೇ ದೊಡ್ಡವರ ಕೆಲಸ.

ಆ ಹುಡುಗಿ ಇಪ್ಪತ್ತೆಂಟಕ್ಕೆ ಫಿಸಿಯೊಥೆರಪಿಸ್ಟ್ ಆಗಿರಬಹುದು, ಗಣಿತ ಮೇಡಂ ಆಗಿರಬಹುದು, ಇನ್ನೂ ಆಡುತ್ತಲೇ ಇರಬಹುದು. ಆಗ ಅವಳ ಹತ್ತು ವರ್ಷಗಳನ್ನು ಹೇಗೆ ಬರೆಯಬೇಕೆಂದು ಕೇಳಿದರೆ ನಾನು ವೃತ್ತಿ ಎಂದೇ ಬರೆಯುತ್ತೇನೆ. ಮತ್ತು ಇದನ್ನು ಓದುತ್ತಿರುವ ನಿಮ್ಮಲ್ಲಿ ಒಂದು ಕೇಳಿಕೊಳ್ಳುವುದಿದೆ. ನಿಮ್ಮ ಮನೆಯ ಮಗಳು ನೀವು ಹೆಸರೇ ಕೇಳಿರದ ಆಟವೊಂದನ್ನು ಹಿಡಿದು ಬಂದರೆ ಹೊಟ್ಟೆಯ ಪ್ರಶ್ನೆಯನ್ನು ಖಂಡಿತ ಕೇಳಿ. ಅದಕ್ಕೂ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು ಹೋಗಿ, ಅವಳು ಆಡುವುದನ್ನು ಕಡೆಯತನಕ ನಿಂತು ನೋಡಿ ಬನ್ನಿ.