ಬಾಕ್ಸ್ 12ರ ಡಿಡಿ ಯಾರ ದುಡ್ಡು?

“ನಾವು ಕಟ್ಟೋ ಟ್ಯಾಕ್ಸ್‌ನಲ್ಲಿ ಬೇರೆಯವರ ಇನ್ಶೂರೆನ್ಸ್ ನಡೀತಿದೆ.” ಅಮೆರಿಕದ ಯಾವ ಕನ್ನಡ ಕೂಟದ ಪಾಟ್‌ಲಕ್‌ಗೆ ಹೋದರೂ, ಒಬಾಮಾಕೇರ್ ಮಾತು ಬಂದರೆ ಈ ವಾಕ್ಯ ಬಂದೇ ಬರುತ್ತೆ. ನೀವೂ ಹೇಳಿರಬಹುದು. ಹಾಗಿದ್ರೆ ನಿಮ್ಮ ಡಬ್ಲ್ಯೂ-2 ತೆಗೆದು, ಬಾಕ್ಸ್ 12ರಲ್ಲಿ ‘ಡಿಡಿ’ ಅಂತ ಇರುವ ಸಾಲು ನೋಡಿ. ನಿಮ್ಮ ಆರೋಗ್ಯ ವಿಮೆಗೆ ನೀವೂ ಕಂಪನಿಯೂ ಸೇರಿ ಕಟ್ಟಿದ ಮೊತ್ತ ಅದು. ಅದನ್ನು ಅಲ್ಲಿ ಕಾಣಿಸಬೇಕು ಅಂತ ಹೇಳಿದ್ದೇ ನೀವು ಬೈಯುವ ಆ 2010ರ ಕಾನೂನು.

ಅದೂ ನಿಮ್ಮ ದುಡಿಮೆಯ ಫಲವೇ. ಆದರೂ ಸಾಮಾನ್ಯವಾಗಿ ಅದರ ಮೇಲೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಡಿತವೂ ಇಲ್ಲ. ಡಿಡಿ 24,000 ಡಾಲರ್ ಅಂದ್ಕೊಳ್ಳಿ. 22% ದರದಲ್ಲಿರುವವರಿಗೆ 5,280 ಡಾಲರ್ ಉಳಿತಾಯ, ಜೊತೆಗೆ 7.65% ಲೆಕ್ಕದಲ್ಲಿ 1,836. ಒಟ್ಟು 7,116. ಇದೇ ವಿಮೆ 12% ದರದವರಿಗೆ 2,400 ಡಾಲರ್ ಕಡಿಮೆ ಉಳಿಸುತ್ತೆ. ಸಂಬಳ ಜಾಸ್ತಿ ಇದ್ದವರಿಗೆ ಸರ್ಕಾರದ ಸಹಾಯವೂ ಜಾಸ್ತಿ! ಇದನ್ನು ನಾವು ಸಬ್ಸಿಡಿ ಅನ್ನಲ್ಲ, ‘ಬೆನಿಫಿಟ್ಸ್’ ಅಂತೀವಿ.

ಈಗ ಇಪ್ಪತ್ತು ಜನ ಕೆಲಸ ಮಾಡುವ ಒಂದು ದೋಸೆ ಹೋಟೆಲ್ ತಗೊಳ್ಳಿ. 50 ಫುಲ್‌ಟೈಮ್ ನೌಕರರಿಗೆ ಸಮನಾದ ಸಂಖ್ಯೆ ತಲುಪದ ಬಿಸಿನೆಸ್ ವಿಮೆ ಕೊಡಲೇಬೇಕೆಂದಿಲ್ಲ. ಕೊಡದಿದ್ದರೆ ಅಲ್ಲಿನ ಮ್ಯಾನೇಜರ್ ಮಾರ್ಕೆಟ್‌ಪ್ಲೇಸ್‌ನಲ್ಲಿ ತಾನೇ ಕೊಳ್ಳಬೇಕು. 2021ರಿಂದ ಅಂಥವರ ಟ್ಯಾಕ್ಸ್ ಕ್ರೆಡಿಟ್‌ಗೆ ಆದಾಯದ ಮೇಲ್ಮಿತಿ ಇರಲಿಲ್ಲ. 2025ರ ಕೊನೆಗೆ ಆ ವ್ಯವಸ್ಥೆಯ ಅವಧಿ ಮುಗಿಯಿತು. 2026ಕ್ಕೆ ನಾಲ್ಕು ಜನರ ಕುಟುಂಬಕ್ಕೆ ಹೆಚ್ಚಿನ ರಾಜ್ಯಗಳಲ್ಲಿ ಗಡಿ 128,600 ಡಾಲರ್. ಒಂದು ಡಾಲರ್ ದಾಟಿದರೂ ಕ್ರೆಡಿಟ್ ಸೊನ್ನೆ. ಮುಂಗಡವಾಗಿ ಪಡೆದಿದ್ದರೆ ಅಷ್ಟೂ ವಾಪಸ್ ಕಟ್ಟಬೇಕು. ಮೂರು ಲಕ್ಷ ಡಾಲರ್ ದುಡಿಯುವ ಟೆಕ್ ದಂಪತಿಗೆ ಅಂಥ ಗಡಿಯೇ ಇಲ್ಲ. ಈಗ ಹೇಳಿ, ಯಾರ ಇನ್ಶೂರೆನ್ಸ್ ಯಾರ ಟ್ಯಾಕ್ಸ್‌ನಲ್ಲಿ ನಡೀತಿದೆ?

ನಿಮ್ಮ ಒಂದು ದೂರು ಮಾತ್ರ ನ್ಯಾಯವಾದದ್ದೇ. ಸಂಬಳದ ಮೇಲಿನ ಹೆಚ್ಚುವರಿ 0.9% ಮತ್ತು ಹೂಡಿಕೆ ಆದಾಯದ ಮೇಲಿನ 3.8% ತೆರಿಗೆಗೆ ಜಂಟಿ ರಿಟರ್ನ್ ತುಂಬುವ ದಂಪತಿಗೆ ಇರುವ 250,000 ಡಾಲರ್ ಮಿತಿ 2013ರಿಂದ ಕದಲಿಲ್ಲ. ಬೆಲೆ ಏರಿದಂತೆ ಏರಿಸಿ ಅಂತ ಕೇಳಿ, ತಪ್ಪಿಲ್ಲ. ಆದರೆ ಮಿತಿ ಮೀರಿದ ಪ್ರತಿ 10,000 ಡಾಲರ್ ಸಂಬಳಕ್ಕೆ ಆ 0.9% ಅಂದರೆ 90 ಡಾಲರ್. ಅದನ್ನು 7,116ರ ಪಕ್ಕ ಇಟ್ಟು ನೋಡಿ.

ಕಾನೂನಿನಲ್ಲೇ ಮದ್ದಿತ್ತು: ದುಬಾರಿ ಕಂಪನಿ ವಿಮೆಗಳ ಮೇಲೆ 40% ‘ಕ್ಯಾಡಿಲಾಕ್ ಟ್ಯಾಕ್ಸ್’. ಮುಂದೂಡಿ ಮುಂದೂಡಿ, 2019ರ ಡಿಸೆಂಬರ್‌ನಲ್ಲಿ, ಒಂದು ದಿನವೂ ಜಾರಿಯಾಗದೆ ರದ್ದಾಯ್ತು. ಎರಡೂ ಪಕ್ಷಗಳು ಕೈಜೋಡಿಸಿದ ಅಪರೂಪದ ಕೆಲಸ! ಈ ವಿನಾಯಿತಿಗೆ ಮಿತಿ ಹಾಕಿ, ಉಳಿದ ದುಡ್ಡಲ್ಲಿ ಆ ಮ್ಯಾನೇಜರ್‌ನ ಕ್ರೆಡಿಟ್ ವಾಪಸ್ ಕೊಡಿ ಅಂತ ಇಲ್ಲಿ ಓಟು ಇರುವ ನೀವು ಕೇಳಬೇಕು. ಇಲ್ಲೇ ಹುಟ್ಟಿ ಬೆಳೆದ ನಿಮ್ಮ ಮಕ್ಕಳೂ ಕೇಳಬೇಕು.

ಓಟಿಲ್ಲದ, ಗ್ರೀನ್ ಕಾರ್ಡ್‌ಗೆ ಕಾಯ್ತಿರುವ ಎಚ್-1ಬಿಯವರಿಗೂ ಇದು ದೂರದ ಮಾತಲ್ಲ. 2025ರ ಕಾನೂನಿನ ಪ್ರಕಾರ 2027ರಿಂದ ನಿಮಗೆ ಮಾರ್ಕೆಟ್‌ಪ್ಲೇಸ್ ಕ್ರೆಡಿಟ್ ಇಲ್ಲ. ಲೇಆಫ್ ಆಗಿ ಕೋಬ್ರಾ ತಗೊಂಡರೆ, ಅದೇ 24,000ದ ವಿಮೆಗೆ ತಿಂಗಳಿಗೆ 2,040 ಡಾಲರ್‌ವರೆಗೆ ನಿಮ್ಮ ಜೇಬಿಂದಲೇ ಹೋಗಬೇಕು.