ಲ್ಯಾಪ್‌ಟಾಪಿಗೆ ಹೊಸ ವಿಂಡೋಸ್: ಮೊದಲು ಲೆಕ್ಕಪತ್ರ ಕಾಪಾಡಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಅಂದಿನಿಂದ ಎಮ್ಮಿಗನೂರು, ಕಂಪ್ಲಿ ಕಡೆಯ ಅಕ್ಕಿ ಗಿರಣಿ ಹಾಗೂ ದಲ್ಲಾಳಿ ಅಂಗಡಿಗಳ ಕಕ್ಷಿದಾರರು ನನ್ನನ್ನು ಕೇಳುವುದು ಒಂದೇ: “ಸಾರ್, ಇದಕ್ಕೆ ಸಿ.ಡಿ. ಹಾಕುವ ಜಾಗವೇ ಇಲ್ಲ, ಹೊಸ ವಿಂಡೋಸ್ ಹಾಕೋದು ಹೆಂಗೆ?”

ಉತ್ತರ ಸರಳ. ಯಂತ್ರದಲ್ಲಿ ಟಿ.ಪಿ.ಎಂ. 2.0 ಮೊದಲಾದ ಅರ್ಹತೆಗಳಿದ್ದರೆ, ಮೈಕ್ರೋಸಾಫ್ಟ್ ಜಾಲತಾಣದಿಂದ ವಿಂಡೋಸ್ 11ನ್ನು ಕನಿಷ್ಠ 8 ಜಿ.ಬಿ.ಯ ಪೆನ್‌ಡ್ರೈವಿಗೆ ಇಳಿಸಿಕೊಂಡು, ಅದರಿಂದಲೇ ಲ್ಯಾಪ್‌ಟಾಪನ್ನು ಆರಂಭಿಸಬಹುದು. ಅಧಿಕೃತ ವಿಂಡೋಸ್ 10 ಇದ್ದವರು ಅದೇ ಆವೃತ್ತಿಯ ಪರವಾನಗಿಗೆ ಮತ್ತೆ ಹಣ ತೆರಬೇಕಿಲ್ಲ; ನಕಲಿ ಪ್ರತಿಯ ಗೊಡವೆಯೂ ಬೇಡ.

ನನ್ನ ಆತಂಕ ಬೇರೆಯದು. ಹೀಗೆ ಸಿದ್ಧಪಡಿಸುವಾಗ ಪೆನ್‌ಡ್ರೈವಿನಲ್ಲಿದ್ದುದೆಲ್ಲ ಅಳಿಯುತ್ತದೆ. ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಲ್ಯಾಪ್‌ಟಾಪಿನ ಲೆಕ್ಕವೂ ಹೋಗುತ್ತದೆ. ಟ್ಯಾಲಿ ಬ್ಯಾಕಪ್ಪನ್ನು ಅದೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡವರು ಎರಡನ್ನೂ ಒಂದೇ ದಿನ ಕಳೆದುಕೊಂಡಾರು. ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡತಕ್ಕದ್ದು. ರಿಪೇರಿಯವನು ಅಳಿಸಿದನೆಂಬ ಸಮಜಾಯಿಷಿಯಿಂದ ಆ ಹೊಣೆ ತಪ್ಪದು.

ಆದುದರಿಂದ ಎರಡು ಬೇರೆ ಕಡೆ ಬ್ಯಾಕಪ್ ಮಾಡಿ, ಒಂದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಶಿಲ್ಕು ತಾಳೆ ನೋಡಿರಿ. ಬಿಟ್‌ಲಾಕರ್ ಇದ್ದಲ್ಲಿ ಅದರ ಕೀಲಿಸಂಖ್ಯೆ ಬರೆದಿಟ್ಟುಕೊಳ್ಳಿರಿ. ಅರ್ಧ ದಿನದ ವಹಿವಾಟು ನಿಂತರೂ ಸರಿಯೇ, ಇಷ್ಟು ಮಾಡದೆ ಲ್ಯಾಪ್‌ಟಾಪನ್ನು ಯಾರ ಕೈಗೂ ಒಪ್ಪಿಸಬಾರದೆಂದು ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿ.